ಹುಲಿ ಇರೋ ಕಥೆ ಹೇಳಿ ಮುಗಿಸಿದೀನಿ, ಹುಲಿ ಇಲ್ಲದ ಕಥೆ ಮಗಳಿಗೆ ಹೇಳ್ಲಾ ಬೇಡ್ವಾ?

ನೇರಳೆಮರ:

ಎಲ್ಲರಿಗೂ ನಮಸ್ಕಾರ, ಪೋಸ್ಟ್ ಉದ್ದ ಆಗತ್ತೆ, ಆದ್ರೂ ಪೂರ್ತಿ ಓದಿ ಹೇಳಿ ಪ್ಲೀಸ್.

ನನ್ನ ಮಗಳಿಗೆ ಹನ್ನೊಂದು ವರ್ಷ. ರಾತ್ರಿ ಮಲಗೋ ಮುಂಚೆ ಕಥೆ ಹೇಳೋದು ಅವಳು ಚಿಕ್ಕೋಳಿದ್ದಾಗಿಂದ್ಲೂ ನಮ್ಮನೇಲಿ ನಡ್ಕೊಂಡು ಬಂದಿದೆ. ಎರಡು ತಿಂಗಳಿಂದ ಲೈಫ್ ಆಫ್ ಪೈ ಹೇಳ್ತಿದೀನಿ, ಬೆಳಗ್ಗೆ ಆಫೀಸಿಗೆ ಹೋಗೋ ಬಸ್ಸಲ್ಲಿ ಇಂಗ್ಲಿಷಲ್ಲಿ ಓದ್ಕೊಳೋದು, ರಾತ್ರಿ ಲೈಟ್ ಆರಿಸಿ ಕನ್ನಡದಲ್ಲಿ ಹೇಳೋದು. ನಮ್ಮತ್ತೆನೂ ಪಕ್ಕದ ಮಂಚದಲ್ಲಿ ಕಣ್ಮುಚ್ಚಿ ಮಲಗಿರ್ತಾರೆ, ನಿದ್ದೆ ಹತ್ತಿದೆ ಅಂದ್ಕೊಂಡು ನಾನೇನಾದ್ರೂ ಹಾರಿಸಿದ್ರೆ "ಆ ಆಮೆ ಏನಾಯ್ತೇ" ಅಂತ ಕತ್ತಲಲ್ಲೇ ಕೇಳ್ತಾರೆ.

ಓದಿಲ್ದೇ ಇರೋರಿಗೆ ಎರಡು ಮಾತು. ಪಾಂಡಿಚೇರಿಯಲ್ಲಿ ಜೂ ನಡೆಸೋರ ಮಗ ಪೈ ಪಟೇಲ್, ದೇವಸ್ಥಾನ ಚರ್ಚು ಮಸೀದಿ ಮೂರಕ್ಕೂ ಹೋಗೋ ಹುಡುಗ. 1977ರಲ್ಲಿ ಪ್ರಾಣಿಗಳ ಸಮೇತ ಕೆನಡಾಕ್ಕೆ ಹೊರಟ ಹಡಗು ಪೆಸಿಫಿಕ್ ಸಾಗರದಲ್ಲಿ ಮುಳುಗತ್ತೆ, ಅಪ್ಪ ಅಮ್ಮ ಅಣ್ಣ ಎಲ್ಲಾ ಹೋಗ್ತಾರೆ. ಇವನು 26 ಅಡಿ ಉದ್ದದ ಲೈಫ್‌ಬೋಟಲ್ಲಿ ಕಾಲು ಮುರಿದ ಜೀಬ್ರಾ, ಕತ್ತೆಕಿರುಬ, ಆರೆಂಜ್ ಜ್ಯೂಸ್ ಅನ್ನೋ ಹೆಸರಿನ ಒರಾಂಗುಟಾನ್, ರಿಚರ್ಡ್ ಪಾರ್ಕರ್ ಅನ್ನೋ ಹುಲಿ, ಇಷ್ಟರ ಜೊತೆ ಉಳ್ಕೋತಾನೆ. ಕೊನೆಗೆ ಉಳಿಯೋದು ಹುಲಿ ಮತ್ತೆ ಇವನು. 227 ದಿನ ಆದ್ಮೇಲೆ ಮೆಕ್ಸಿಕೋ ದಡ ಸಿಗತ್ತೆ, ಹುಲಿ ಬೋಟಿಂದ ಹಾರಿ, ಒಂದ್ಸಲನೂ ಹಿಂದಕ್ಕೆ ತಿರುಗದೆ ಕಾಡೊಳಗೆ ಹೊರಟುಹೋಗತ್ತೆ. ಅಲ್ಲೀವರೆಗೆ ಹೇಳಿದೀನಿ.

ಈಗ ಉಳಿದಿರೋದು ಆಸ್ಪತ್ರೆ ಭಾಗ. ಹಡಗು ಯಾಕೆ ಮುಳುಗ್ತು ಅಂತ ವಿಚಾರಿಸೋಕೆ ಜಪಾನಿನ ಇಬ್ಬರು ಅಧಿಕಾರಿಗಳು ಬರ್ತಾರೆ, ಹುಲಿ ಕಥೆ ನಂಬಲ್ಲ, ಆಗ ಪೈ ಇನ್ನೊಂದು ಕಥೆ ಹೇಳ್ತಾನೆ. ಅದರಲ್ಲಿ ಪ್ರಾಣಿಗಳಿಲ್ಲ. ಕಾಲು ಮುರಿದ ನಾವಿಕ, ಅಡುಗೆಯವನು, ಪೈನ ಅಮ್ಮ, ಪೈ, ನಾಲ್ಕೇ ಜನ. ಅಡುಗೆಯವನು ಏನ್ ಮಾಡ್ದ, ಅಮ್ಮಂಗೆ ಏನಾಯ್ತು, ಕೊನೆಗೆ ಪೈ ಅವನಿಗೆ ಏನ್ ಮಾಡ್ದ ಅನ್ನೋದು ಇಲ್ಲಿ ಬರೆಯೋಕೂ ಕೈ ಬರಲ್ಲ ನಂಗೆ. ಎರಡರಲ್ಲಿ ಯಾವ ಕಥೆ ಚೆನ್ನಾಗಿದೆ ಅಂತ ಅವನು ಕೇಳ್ತಾನೆ, ಅವರು ಪ್ರಾಣಿಗಳಿರೋದೇ ಅಂತಾರೆ, ದೇವರ ವಿಷಯನೂ ಹಂಗೇ ಅಂತಾನೆ ಅವನು.

ನಾನು ಹುಲಿ ಕಾಡಿಗೆ ಹೋಗೋ ಜಾಗದಲ್ಲೇ ಮುಗಿಸಿಬಿಡೋಣ ಅಂತಿದ್ದೆ. ಆದ್ರೆ ಅವತ್ತು ಅವಳು ಎದ್ದು ಕೂತ್ಕೊಂಡು, ಅಮ್ಮ ಪುಣ್ಯಕೋಟಿ ಕಥೆಯಲ್ಲಿ ಹುಲಿ ಪ್ರಾಣನೇ ಬಿಡತ್ತೆ, ಇದ್ಯಾಕೆ ತಿರುಗಿನೂ ನೋಡ್ಲಿಲ್ಲ, ಇಷ್ಟು ದಿನ ಅವನೇ ಅಲ್ವಾ ಮೀನು ಹಾಕಿದ್ದು ಅಂತ ಅಳೋಕೆ ಶುರು ಮಾಡಿದ್ಳು. ಗೋವಿನ ಹಾಡು ಅವಳಿಗೆ ಪೂರ್ತಿ ಬಾಯಿಪಾಠ. ಸತ್ಯವೇ ನಮ್ಮ ತಾಯಿ ತಂದೆ ಅಂತ ಕಲಿಸಿದೋಳೂ ನಾನೇ, ಈಗ ಅರ್ಧ ಕಥೆ ಮುಚ್ಚಿಡ್ತಿರೋಳೂ ನಾನೇ.

ಇನ್ನೊಂದು ನನ್ನದೇ ಸಂಕಟ. ನಾನು ದಿನಾ ದೀಪ ಹಚ್ಚಿ ಕೈಮುಗಿಯೋಳು. ಚೆನ್ನಾಗಿರೋ ಕಥೆ ಆರಿಸ್ಕೊಳೋದೇ ನಂಬಿಕೆ ಅನ್ನೋದಾದ್ರೆ ನಾನು ಇಷ್ಟು ವರ್ಷ ಮಾಡ್ತಿರೋದು ಏನು, ಸಮಾಧಾನಕ್ಕೆ ಅಂತ ನಂಗೆ ನಾನೇ ಹೇಳ್ಕೊಳೋ ಕಥೆನಾ? ಬಸ್ಸಲ್ಲಿ ಆ ಪುಟ ಓದಿ ನನ್ನ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ. ಓದಿದೋರು ದಯವಿಟ್ಟು ಹೇಳಿ.

ಹಳೆಪುಸ್ತಕ:

ಹೇಳಿ ಮೇಡಂ, ಖಂಡಿತ ಹೇಳಿ. ಯಾಕಂದ್ರೆ ಎರಡನೇ ಕಥೆ ಕೊನೆಗೆ ಅಂಟಿಸಿರೋದಲ್ಲ, ಮೊದಲಿಂದ್ಲೂ ಹುಲಿಯ ಹೆಸರಲ್ಲೇ ಕೂತಿದೆ.

1884ರಲ್ಲಿ ಮಿನ್ಯೊನೆಟ್ ಅಂತ ಒಂದು ಸಣ್ಣ ಹಡಗು ಇಂಗ್ಲೆಂಡಿಂದ ಸಿಡ್ನಿಗೆ ಹೊರಟಿತ್ತು, ಅಟ್ಲಾಂಟಿಕ್‌ನ ದಕ್ಷಿಣದಲ್ಲಿ ಮುಳುಗ್ತು. ನಾಲ್ಕು ಜನ ಸಣ್ಣ ದೋಣಿ ಹತ್ತಿದ್ರು, ಹತ್ರ ಇದ್ದಿದ್ದು ಟರ್ನಿಪ್ ಗೆಡ್ಡೆಯ ಎರಡು ಡಬ್ಬ, ಕುಡಿಯೋ ನೀರು ಇಲ್ಲ. ಹತ್ತೊಂಬತ್ತು ಇಪ್ಪತ್ತು ದಿನ ಆದ್ಮೇಲೆ ಕ್ಯಾಪ್ಟನ್ನು ಮತ್ತೆ ಅವನ ಸಹಾಯಕ ಸೇರಿ, ಸಮುದ್ರದ ನೀರು ಕುಡಿದು ಪ್ರಜ್ಞೆ ತಪ್ಪಿ ಬಿದ್ದಿದ್ದ 17 ವರ್ಷದ ಹುಡುಗನ್ನ ಕೊಂದು, ಮೂವರೂ ತಿಂದು ಬದುಕಿದ್ರು. ಆಮೇಲೆ ಕೆಲವೇ ದಿನದಲ್ಲಿ ಒಂದು ಜರ್ಮನ್ ಹಡಗು ಕಂಡು ಹತ್ತಿಸ್ಕೊಳ್ತು. ಆ ಹುಡುಗನ ಹೆಸರು ರಿಚರ್ಡ್ ಪಾರ್ಕರ್. ಕೊಂದ ಇಬ್ಬರಿಗೂ ಮರಣದಂಡನೆ ಆಗಿ ಆರು ತಿಂಗಳ ಜೈಲಿಗೆ ಇಳೀತು. ಪ್ರಾಣ ಉಳಿಸ್ಕೊಳೋಕೆ ಇನ್ನೊಬ್ಬರ ಪ್ರಾಣ ತೆಗೀಬಹುದಾ ಅನ್ನೋ ಪ್ರಶ್ನೆ ಬಂದಾಗ ಲಾ ಕಾಲೇಜುಗಳಲ್ಲಿ ಇವತ್ತಿಗೂ ಓದಿಸೋದು ಇದೇ ಕೇಸು. ಅದಕ್ಕೂ 46 ವರ್ಷ ಮುಂಚೆ, 1838ರಲ್ಲಿ, ಎಡ್ಗರ್ ಅಲನ್ ಪೋ ಬರೆದಿದ್ದ ಒಂದು ಕಾದಂಬರೀಲಿ ಹಡಗೊಡೆದ ನಾಲ್ಕು ಜನ ಚೀಟಿ ಎತ್ತಿ ಒಬ್ಬನ್ನ ತಿಂತಾರೆ, ಅವನ ಹೆಸರೂ ರಿಚರ್ಡ್ ಪಾರ್ಕರ್! ಲೈಫ್ ಆಫ್ ಪೈ ಬರೆದ ಯಾನ್ ಮಾರ್ಟೆಲ್ ಇದೆಲ್ಲಾ ಗೊತ್ತಿದ್ದೇ ಹುಲಿಗೆ ಆ ಹೆಸರಿಟ್ಟಿದ್ದು. ಕಥೆಯೊಳಗೆ ಅದಕ್ಕೆ ಬೇರೆ ಕಾರಣ ಕೊಡ್ತಾನೆ, ಬೇಟೆಗಾರನ ಹೆಸರೂ ಮರಿಯ ಹೆಸರೂ ಕಾಗದದಲ್ಲಿ ಅದಲುಬದಲಾಯ್ತು ಅಂತ. ಮನುಷ್ಯನ ಹೆಸರು ಮೃಗಕ್ಕೆ, ಮೃಗದ ಹೆಸರು ಮನುಷ್ಯನಿಗೆ. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳ್ಬೇಕು.

ಜೂ ಭಾಗದಲ್ಲಿ ಒಂದು ಪರದೆ ಬರತ್ತಲ್ಲ, ಈ ಜೂನಲ್ಲಿ ಎಲ್ಲಕ್ಕಿಂತ ಅಪಾಯದ ಪ್ರಾಣಿ ಯಾವುದು ಗೊತ್ತಾ ಅಂತ ಬರೆದಿರತ್ತೆ, ಪರದೆ ಸರಿಸಿದ್ರೆ ಕನ್ನಡಿ. ಅದನ್ನ ನೀವು ಹೇಳಿದ್ರೆ ನಿಮ್ಮ ಮಗಳು ನಕ್ಕಿರ್ತಾಳೆ, ಅದು ಅವಳ ತಲೇಲಿ ಎಲ್ಲೋ ಉಳಿದಿರತ್ತೆ.

ಹೇಗೆ ಹೇಳ್ಬೇಕು ಅನ್ನೋದಕ್ಕೆ ಒಂದು ಮಾತು. ಇದೇ ಪುಸ್ತಕದ 2012ರ ಸಿನಿಮಾದಲ್ಲಿ ನಿರ್ದೇಶಕ ಆಂಗ್ ಲೀ ಆ ಎರಡನೇ ಕಥೆಯ ಒಂದು ದೃಶ್ಯನೂ ತೋರಿಸಲ್ಲ. ಹುಡುಗ ಆಸ್ಪತ್ರೆ ಹಾಸಿಗೆ ಮೇಲೆ ಕೂತು ಸುಮ್ನೆ ಹೇಳ್ತಾನೆ, ಅಷ್ಟೇ. ಸಮುದ್ರ, ಮೀನು, ಮಿಂಚು ಎಲ್ಲಾ ಅಷ್ಟು ಕಣ್ತುಂಬ ತೋರಿಸಿದೋರು ಅಲ್ಲಿ ಕ್ಯಾಮೆರಾನ ಅವನ ಮುಖದ ಮೇಲೆ ನಿಲ್ಲಿಸಿಬಿಟ್ಟಿದ್ದಾರೆ. ನೀವೂ ಹಂಗೇ ಮಾಡಿ, ವಿವರ ಬೇಡ.

ಕಡಲತಡಿ ಮಲ್ಪೆ:

ಅಕ್ಕ, ನಾನು ಆ ಪುಸ್ತಕ ಓದ್ಲಿಲ್ಲ, ಸಿನಿಮಾ ನೋಡಿದ್ದೇನೆ. ಆದ್ರೆ ನಿಮ್ಮ ಪ್ರಶ್ನೆ ನೋಡಿ ಒಂದು ವಿಷಯ ಹೇಳುವ ಅಂತ ಆಯ್ತು.

ನನ್ನ ಅಪ್ಪ ಮೀನಿನ ಬೋಟಿನಲ್ಲಿ ತಾಂಡೇಲ, ಅಂದ್ರೆ ಬೋಟು ನಡೆಸುವವರು ಆಗಿದ್ರು. ನಾನು ಸಣ್ಣವನಿರುವಾಗ ಒಂದ್ಸಲ ಹೊರಗೆ ಕಡಲಲ್ಲಿ ಗೇರ್ ಬಾಕ್ಸ್ ಹೋಗಿ ಬೋಟು ನಿಂತದ್ದು, ವಯರ್‌ಲೆಸ್ಸಿಗೂ ಯಾರೂ ಸಿಗ್ಲಿಲ್ಲ, ಗಾಳಿ ಬೇರೆ ತೆಂಕಿನಿಂದ ಹೊಡೀತಾ ಉಂಟು, ಮೂರು ರಾತ್ರಿ ನಾಲ್ಕು ಹಗಲು ಏಳು ಜನ ಹಾಗೆ ಅಲೆ ಕೊಂಡೋದ ಕಡೆ ಹೋದ್ರಂತೆ. ಅದ್ರಲ್ಲಿ ಕುಂದಾಪುರ ಕಡೆಯ ಒಬ್ರು ಹಿರಿಯರಿದ್ರು, ಮಳೆಗಾಲದಲ್ಲಿ ಬೋಟು ಬಂದ್ ಇರುವಾಗ ತಾಳಮದ್ದಳೆಗೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನಕ್ಕೆ, ಹೋಗಿ ಪಾತ್ರದ ಮಾತು ಹೇಳುವವರು. ಮೊದಲ ರಾತ್ರಿ ಎಲ್ಲರೂ ಹೆದರಿ ಮೂಲೆ ಹಿಡಿದು ಕೂತಾಗ ಅವ್ರು ಖಾಲಿ ಡೀಸೆಲ್ ಕ್ಯಾನ್ ಕವುಚಿ ಹಾಕಿ ಚೆಂಡೆ ಹಾಗೆ ಬಡಿದು ಕೃಷ್ಣ ಸಂಧಾನ ಶುರು ಮಾಡಿದ್ರಂತೆ. ಕೃಷ್ಣನೂ ಅವ್ರೇ, ಕೌರವನೂ ಅವ್ರೇ, ವಿದುರನೂ ಅವ್ರೇ. ಬೆಳಗಾಗುವಾಗ ಕೃಷ್ಣ ಇನ್ನೂ ಹಸ್ತಿನಾವತಿ ಮುಟ್ಟಿದ್ದಷ್ಟೇ, ಬಾಕಿದ್ದು ರಾತ್ರಿಗೆ ಅಂತ ನಿಲ್ಲಿಸಿದ್ರು. ನಿಮ್ಗೆ ಗೊತ್ತಿರ್ಬಹುದು, ಆ ಪ್ರಸಂಗದಲ್ಲಿ ಸಂಧಾನ ಆಗುದಿಲ್ಲ, ಯುದ್ಧವೇ ಆಗುದು, ಎಲ್ಲರಿಗೂ ಗೊತ್ತಿದ್ದದ್ದೇ. ಆದ್ರೂ ಕೌರವ ಇವತ್ತು ಎಂತ ಉತ್ತರ ಕೊಡ್ತಾನೆ ಅಂತ ಕೇಳ್ಲಿಕ್ಕೆ ಏಳು ಜನವೂ ಕತ್ತಲಾಗುದನ್ನೇ ಕಾಯ್ತಾ ಇದ್ರು ಅಂತ ಅಪ್ಪ ಹೇಳುದು. ನಾಲ್ಕನೇ ದಿನ ಒಂದು ಪರ್ಸೀನ್ ಬೋಟಿನವ್ರು ನೋಡಿ ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು. ಊರಿಗೆ ಬಂದು ಮೊದಲು ಮಾಡಿದ್ದು ಬೊಬ್ಬರ್ಯನಿಗೆ ಹರಕೆ ಸಲ್ಲಿಸಿದ್ದು. ಬೊಬ್ಬರ್ಯ ನಮ್ಮ ಕಡಲಿನ ದೈವ, ಬ್ಯಾರಿ, ಅಂದ್ರೆ ಕರಾವಳಿಯ ಮುಸ್ಲಿಂ, ವ್ಯಾಪಾರಿಯ ಮಗ ಅಂತ ತುಳು ಪಾಡ್ದನದ ಹಾಡಿನಲ್ಲಿ ಬರ್ತದೆ, ನಮಗೆ ಅದ್ರಲ್ಲಿ ಆಶ್ಚರ್ಯ ಏನೂ ಇಲ್ಲ.

ಈಗ ಮುಖ್ಯ ವಿಷಯ. ಅಪ್ಪ ಈ ಕಥೆ ನೂರು ಸಲ ಹೇಳಿದ್ದಾರೆ, ಮದುವೆ ಮನೆಯಲ್ಲಿ, ಬಂದರಿನಲ್ಲಿ, ಎಲ್ಲ ಕಡೆ. ಆದ್ರೆ ಮೂರನೇ ರಾತ್ರಿದ್ದು ಮಾತ್ರ ಹೇಳುದಿಲ್ಲ. ಎರಡನೇ ರಾತ್ರಿಯಿಂದ ಸೀದಾ ನಾಲ್ಕನೇ ಬೆಳಿಗ್ಗೆಗೆ ಹಾರ್ತಾರೆ. ನಾನು ದೊಡ್ಡವನಾದ ಮೇಲೆ ಅಮ್ಮ ಹೇಳಿದ್ದು, ಆ ರಾತ್ರಿ ಡ್ರಮ್ಮಿನ ಅಡಿಯಲ್ಲಿ ಉಳಿದ ನೀರನ್ನು ಒಬ್ಬ ಯಾರಿಗೂ ಗೊತ್ತಾಗದ ಹಾಗೆ ಕುಡಿದ, ಅವನನ್ನು ಉಳಿದವರು ಹಿಡಿದು ಎಂತ ಮಾಡ್ಲಿಕ್ಕೆ ಹೊರಟಿದ್ರು ಅಂತ. ಅಪ್ಪನೂ ಕೈ ಹಾಕಿದ್ರಂತೆ. ಅಷ್ಟು ಹೊತ್ತಿಗೆ ಆ ಹಿರಿಯರು ನಡುವೆ ಬಂದು ಕೂತು ಕ್ಯಾನ್ ಬಡಿಲಿಕ್ಕೆ ಶುರು ಮಾಡಿದ್ರು, ಗಂಟಲು ಒಣಗಿ ಪದ ಬರುದಿಲ್ಲ, ಬರೀ ಬಡಿತ. ಅದು ನಿಲ್ಲುವವರೆಗೆ ಯಾರೂ ಏಳ್ಲಿಲ್ಲ.

ಅದು ಗೊತ್ತಾದ ಮೇಲೆ ಅಪ್ಪನ ಮೇಲೆ ಗೌರವ ಕಡಿಮೆ ಆಗ್ಲಿಲ್ಲ ಅಕ್ಕ. ಅವ್ರು ಕೃಷ್ಣ ಸಂಧಾನದ ಕಥೆ ಹೇಳುವಾಗ ಸ್ವರ ಯಾಕೆ ನಡುಗ್ತಿತ್ತು ಅಂತ ಆಗ ಗೊತ್ತಾಯ್ತು. ಅಪ್ಪ ಹೇಳುದರಲ್ಲಿ ಸುಳ್ಳು ಒಂದೂ ಇಲ್ಲ. ಆದ್ರೆ ಮೂರನೇ ರಾತ್ರಿ ಗೊತ್ತಿಲ್ಲದವನಿಗೆ ಮೊದಲ ರಾತ್ರಿಯ ಬೆಲೆಯೂ ಪೂರ್ತಿ ಗೊತ್ತಾಗುದಿಲ್ಲ ಅಂತ ನನಗೆ ಕಾಣ್ತದೆ. ಅಮ್ಮ ನನಗೆ ಹೇಳುವಾಗ ನನಗೆ 22 ವರ್ಷ, ನಿಮ್ಮ ಮಗಳಿಗೆ 11. ಅದನ್ನೂ ಯೋಚನೆ ಮಾಡಿ.

ಸಾಕ್ಷಿಬೇಕು:

ಸ್ವಲ್ಪ ಬೇರೆ ಮಾತು ಹೇಳ್ತೀನಿ, ಯಾರೂ ಬೇಜಾರ್ ಮಾಡ್ಕೋಬೇಡಿ. ಛಲ ಇದ್ರೆ ಬದುಕ್ತಾರೆ, ನಂಬಿಕೆ ಇದ್ರೆ ಬದುಕ್ತಾರೆ ಅಂತ ಈ ಥರ ಕಥೆಗಳೆಲ್ಲಾ ಹೇಳ್ತವೆ, ನನಗೆ ಅದು ಒಪ್ಪಿಗೆ ಇಲ್ಲ. ಸಮುದ್ರದಲ್ಲಿ ಸತ್ತೋರಿಗೂ ಛಲ ಇತ್ತು, ಅವರೂ ದೇವರನ್ನ ಕರೆದಿರ್ತಾರೆ, ಆದ್ರೆ ವಾಪಸ್ ಬಂದು ಹೇಳೋಕೆ ಅವರಿಲ್ಲ. ಬದುಕಿದೋರ ಮಾತು ಮಾತ್ರ ಕೇಳಿ ಲೆಕ್ಕ ಹಾಕಿದ್ರೆ ಸತ್ತೋರಿಗೆ ಅನ್ಯಾಯ.

ನಿಜವಾಗಿ ಬದುಕಿಸೋದು ನೀರು, ನೆರಳು, ಕೈಕೆಲಸ. ಪೂನ್ ಲಿಮ್ ಅಂತ ಚೀನಾದವನು, ಬ್ರಿಟಿಷ್ ಹಡಗಲ್ಲಿ ಸ್ಟೀವರ್ಡ್ ಆಗಿದ್ದ, 1942ರಲ್ಲಿ ಜರ್ಮನ್ ಸಬ್‌ಮರೀನ್ ಅದನ್ನ ಮುಳುಗಿಸ್ತು, ಮರದ ತೆಪ್ಪದ ಮೇಲೆ ಒಬ್ಬನೇ 133 ದಿನ. ಟಾರ್ಚ್ ಬಿಚ್ಚಿ ಒಳಗಿನ ತಂತಿ ಬಗ್ಗಿಸಿ ಗಾಳ ಮಾಡ್ಕೊಂಡ, ಬಟ್ಟೆ ಹರವಿ ಮಳೆನೀರು ಹಿಡಿದ. ಬ್ರೆಜಿಲ್ ಹತ್ರ ಮೀನುಗಾರರು ಎತ್ತಿದಾಗ ತನ್ನ ಕಾಲ ಮೇಲೆ ತಾನೇ ನಿಲ್ಲೋ ಥರ ಇದ್ದ. ಸ್ಟೀವನ್ ಕ್ಯಾಲಹನ್ ಅಂತ ಅಮೆರಿಕದವರು 1982ರಲ್ಲಿ ಅಟ್ಲಾಂಟಿಕ್‌ನಲ್ಲಿ ರಬ್ಬರ್ ತೆಪ್ಪದ ಮೇಲೆ 76 ದಿನ ಇದ್ರು, ಬಿಸಿಲಿಂದ ಉಪ್ಪುನೀರನ್ನ ಸಿಹಿನೀರು ಮಾಡೋ ಸಾಧನನ ರಿಪೇರಿ ಮಾಡ್ಕೊಂಡು ಮಾಡ್ಕೊಂಡು ದಿನಕ್ಕೆ ಒಂದು ಲೋಟದಷ್ಟು ನೀರು ತೆಗೀತಿದ್ರು. ತೆಪ್ಪದ ಅಡಿ ಪಾಚಿ ಬೆಳೀತು, ಪಾಚಿಗೆ ಮೀನು ಬಂತು, ಮೀನಿಗೆ ಹಕ್ಕಿ ಬಂತು, ಕೊನೆಗೆ ಆ ಹಕ್ಕಿ ಹಿಂಡು ನೋಡ್ಕೊಂಡೇ ಮೀನುಗಾರರು ಹತ್ರ ಬಂದು ಕಾಪಾಡಿದ್ದು. ಈ ಸರಪಳಿ ನನಗೆ ಯಾವ ಪವಾಡಕ್ಕಿಂತಲೂ ದೊಡ್ಡದಾಗಿ ಕಾಣತ್ತೆ. ಆಂಗ್ ಲೀ ಸಿನಿಮಾಕ್ಕೆ ಸಲಹೆ ಕೊಟ್ಟೋರೂ ಇವರೇ.

ಹಾಗಾಗಿ ಮಗುಗೆ ಎರಡೂ ಹೇಳಿ, ಯಾವುದು ನಡೆದಿರೋಕೆ ಸಾಧ್ಯ ಅಂತ ಅವಳೇ ಯೋಚನೆ ಮಾಡ್ಲಿ. ಯಾವುದು ಚೆನ್ನಾಗಿದೆ ಅನ್ನೋದೂ ಯಾವುದು ನಿಜ ಅನ್ನೋದೂ ಬೇರೆ ಬೇರೆ ಪ್ರಶ್ನೆ, ಆ ಪುಸ್ತಕ ಎರಡನ್ನೂ ಕಲಸಿಬಿಡತ್ತೆ, ನನ್ನ ತಕರಾರು ಅದೇ.

ನೇರಳೆಮರ:

ಎಲ್ಲರಿಗೂ ಥ್ಯಾಂಕ್ಸ್. ಕಡಲತಡಿ ಅವರೇ, ನಿಮ್ಮ ಅಪ್ಪನ ವಿಷಯ ಓದಿ ತುಂಬಾ ಹೊತ್ತು ಫೋನ್ ಕೆಳಗಿಟ್ಟು ಕೂತಿದ್ದೆ. ಸಾಕ್ಷಿಬೇಕು ಅವರೇ, ಸತ್ತೋರಿಗೆ ಅನ್ಯಾಯ ಅಂದಿದ್ದು ಮನಸ್ಸಿಗೆ ನಾಟ್ತು. ಆದ್ರೆ ಒಂದು ಕೇಳ್ಲಾ, ಟಾರ್ಚ್ ಬಿಚ್ಚಿ ಗಾಳ ಮಾಡ್ಬೇಕು ಅಂತ ಅನ್ಸೋಕಾದ್ರೂ ನಾಳೆ ಅನ್ನೋದು ಇದೆ ಅಂತ ನಂಬಬೇಕಲ್ವಾ? ಆ ನಂಬಿಕೆ ಎಲ್ಲಿಂದ ಬರತ್ತೆ?

ಧಾರವಾಡ ಮಾಸ್ತರ:

ನೋಡ್ರಿ ತಂಗಿ, ನಾ ಮೂವತ್ತು ವರ್ಷ ಕಾಲೇಜಿನ್ಯಾಗ ಇಂಗ್ಲಿಷ್ ಕಲಿಸಿದಾಂವ, ಅದರಾಗ ಹತ್ತು ಹನ್ನೆರಡು ವರ್ಷ ರಾಬಿನ್ಸನ್ ಕ್ರೂಸೋ ಪಾಠ ಮಾಡೇನಿ. 1719ರಾಗ ಬಂದ ಪುಸ್ತಕ, ಹಡಗು ಒಡದು ದ್ವೀಪದಾಗ ಒಬ್ಬನ ಉಳದಾಂವನ ಕಥಿ. ನಿಮ್ಮ ಎರಡನೇ ಪ್ರಶ್ನಿಗೆ ಅದರಾಗ ಒಂದು ಭಾಳ ಚಂದನ ಜಾಗಾ ಅದ.

ಕ್ರೂಸೋ ದ್ವೀಪದಾಗ ಬಂದು ಕೆಲವು ತಿಂಗಳಾಗಿರ್ತದ. ಒಂದಿನ ಗುಡ್ಡದ ಮಗ್ಗಲಿಗೆ ಹಸರು ಸಸಿ ಕಾಣಸ್ತಾವ, ಹತ್ತಿರ ಹೋಗಿ ನೋಡಿದ್ರ ಜವೆಗೋದಿ! ಹತ್ತು ಹನ್ನೆರಡು ತೆನಿ. ಯಾರೂ ಬಿತ್ತಿಲ್ಲ, ಈ ದೇಶದ ಬೆಳಿ ಅಲ್ಲ. ಅಂವಗ ಕಣ್ಣಾಗ ನೀರು ಬರ್ತದ, ದೇವರು ನನಗಂತನ ಬೆಳಸ್ಯಾನ ಅಂತಾನ. ಅಲ್ಲೀತನಕ ಅಂವ ಹೇಳಿಕೊಳ್ಳೋ ಅಂಥಾ ದೈವಭಕ್ತ ಅಲ್ಲ. ಆಮ್ಯಾಲೆ ಒಮ್ಮೆಲೆ ನೆನಪಾಗ್ತದ, ಹಡಗಿನಿಂದ ತಂದ ಕೋಳಿ ಕಾಳಿನ ಚೀಲ ಖಾಲಿ ಮಾಡಬೇಕಂತ ತಾನ ಅಲ್ಲಿ ಝಾಡಿಸಿದ್ದೆ ಅಂತ, ಇಲಿ ತಿಂದು ಬರೇ ಹೊಟ್ಟು ಉಳದದ ಅನ್ಕೊಂಡಿದ್ದ. ನೆನಪಾದ ಕೂಡಲೆ ಭಕ್ತಿ ಇಳದು ಹೋತು ಅಂತ ಅವನ ಬರಕೋತಾನ. ಇಷ್ಟಕ್ಕ ನಿಂತಿದ್ರ ಅದು ನಮ್ಮ ಸಾಕ್ಷಿಬೇಕು ಅವರ ಕಥಿ ಆಗ್ತಿತ್ತು. ಆದ್ರ ಅಂವ ಮತ್ತ ಒಂದು ಹೆಜ್ಜಿ ಮುಂದ ಹೋಗ್ತಾನ. ಇಲಿ ಇಡೀ ಚೀಲ ಹಾಳು ಮಾಡಿದ್ರೂ ಹತ್ತು ಹನ್ನೆರಡು ಕಾಳು ಕೆಡಲಾರದ ಉಳದ್ವಲ್ಲ, ಅವು ನೆರಳಿದ್ದ ಜಾಗಾದಾಗನ ಬಿದ್ದುವಲ್ಲ, ಬಿಸಿಲಿಗೆ ಬಿದ್ದಿದ್ರ ಸುಟ್ಟು ಹೋಗ್ತಿದ್ವು, ಇದೂ ಅವನ ಕೃಪಾನ ಅಂತಾನ. ಒಂದ ಜವೆಗೋದಿ, ಮೂರು ಸರ್ತಿ ಓದಿದ. ಕಾರಣ ಗೊತ್ತಾದ ಮ್ಯಾಲೂ ಉಳಿಯೋ ಕೃತಜ್ಞತಾ ಅಂತ ಒಂದದ ನೋಡ್ರಿ, ನೀವು ದಿನಾ ದೀಪ ಹಚ್ಚೋದು ಆ ಮೂರನೇ ಓದು ಅಂತ ನನಗನಸ್ತದ. ಸಮಾಧಾನಕ್ಕ ಹೇಳಿಕೊಳ್ಳೋ ಕಥಿ ಮೊದಲನೇ ಓದಿನಾಗನ ನಿಂತಿರ್ತದ, ಕೋಳಿ ಚೀಲ ನೆನಪು ಮಾಡಿಕೊಳ್ಳಾಕ ಅಂಜತದ.

ಅಷ್ಟಾದ್ರೂ ಆ ನಂಬಿಕಿ ಗಟ್ಟಿ ಅಂತ ತಿಳೀಬ್ಯಾಡ್ರಿ. ಹದಿನೈದು ವರ್ಷ ಬೈಬಲ್ ಓದಿ ಶಾಂತ ಆಗಿದ್ದಾಂವ ಮರಳಿನ್ಯಾಗ ಒಂದ, ಒಂದ ಹೆಜ್ಜಿ ಗುರ್ತು ನೋಡಿ ಗುಹಾ ಸೇರಿಕೊಂಡ, ಅಂಜಿಕಿ ನನ್ನ ಭಕ್ತಿ ಎಲ್ಲಾ ಓಡಿಸಿಬಿಡ್ತು ಅಂತಾನ. ದೇವರು ದೂರ ಇದ್ರೂ ನಡೀತದ, ಮನಶ್ಯಾ ಹತ್ತಿರ ಬಂದಾನ ಅಂದಾಗ ಎದಿ ಝಲ್ ಅಂತದ. ಪೈನ ಎರಡನೇ ಕಥಿಯೂ ಅದ ಅಲ್ಲೇನು, ಹುಲಿ ಜೋಡಿ ಬಾಳೇ ಮಾಡಬಹುದು, ಮನಶ್ಯಾನ ಜೋಡಿ ಆಗಲಿಲ್ಲ.

ಇನ್ನ ಮಗಳ ವಿಷಯ. ಕ್ರೂಸೋ ದ್ವೀಪದಾಗ ತಾ ಕಾಪಾಡಿ ಜೋಡಿ ಇಟಕೊಂಡ ಫ್ರೈಡೇ ಅನ್ನಾಂವಗ ಧರ್ಮ ಕಲಸಾಕ ಹೋಗ್ತಾನ. ದೇವರು ಅಷ್ಟು ದೊಡ್ಡಾಂವ ಇದ್ರ ಸೈತಾನನ್ನ ಯಾಕ ಕೊಂದಿಲ್ಲ ಅಂತ ಫ್ರೈಡೇ ಕೇಳ್ತಾನ. ಕ್ರೂಸೋ ಏನ್ ಮಾಡ್ದ ಗೊತ್ತೇನು, ಕೇಳಿಸಲಿಲ್ಲ ಅಂತ ನಟಸ್ತಾನ, ಮತ್ತೊಮ್ಮೆ ಕೇಳಿದಾಗ ಏನೋ ಒಂದು ಹೇಳಿ, ಕಡೀಕ ದೂರದಿಂದ ಏನೋ ತರಾಕ ಕಳಸಿಬಿಡ್ತಾನ. ಇಡೀ ಪುಸ್ತಕದಾಗ ಅವನ ಮ್ಯಾಲೆ ನನಗ ಸಿಟ್ಟು ಬರೋದು ಇದೊಂದ ಜಾಗಾದಾಗ. ನಿಮ್ಮ ಕೂಸು ಹುಲಿ ಯಾಕ ತಿರುಗಿ ನೋಡ್ಲಿಲ್ಲ ಅಂತ ಅಳಕೋತ ಕೇಳ್ಯಾಳ, ಅಕಿನ್ನ ದೂರ ಕಳಸಬ್ಯಾಡ್ರಿ.

ಸಾಕ್ಷಿಬೇಕು:

ಮಾಸ್ತರೇ, ಕೋಳಿ ಚೀಲದ ಮಾತು ಒಪ್ಪಿದೆ. ಕೊನೇ ಹೆಜ್ಜೆ ನನಗೆ ಹಾಕೋಕಾಗಲ್ಲ, ಆದ್ರೆ ಚೀಲ ಮರೀದೇ ಹಾಕೋರನ್ನ ಕಂಡ್ರೆ ಗೌರವ ಇದೆ.

ನೇರಳೆಮರ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ, ಒಂದು ಘಟನೆ ಇದೆ. 2012ರ ಕೊನೇಲಿ ಮೆಕ್ಸಿಕೋದಿಂದ ಮೀನು ಹಿಡಿಯೋಕೆ ಹೋದ ಸಾಲ್ವಡಾರ್ ಅಲ್ವರೆಂಗಾ ಅನ್ನೋರ ದೋಣಿ ಬಿರುಗಾಳಿಗೆ ಸಿಕ್ಕಿ, ಇಡೀ ಪೆಸಿಫಿಕ್ ದಾಟಿ 2014ರ ಜನವರೀಲಿ ಮಾರ್ಷಲ್ ದ್ವೀಪಕ್ಕೆ ಬಂದು ತಲುಪ್ತು, 438 ದಿನ. ಜೊತೇಲಿದ್ದ ಹುಡುಗ ಕೆಲವು ತಿಂಗಳಲ್ಲೇ ತೀರ್ಕೊಂಡ. ಆಮೇಲೂ ಅವನ ಹೆಣದ ಜೊತೆ ಆರು ದಿನ ಮಾತಾಡಿದೆ, ನಾನೇ ಕೇಳಿ ನಾನೇ ಉತ್ತರ ಹೇಳ್ಕೋತಿದ್ದೆ, ಆಮೇಲೆ ಒಂದಿನ ಏನ್ ಮಾಡ್ತಿದೀನಿ ಅಂತ ಅರಿವಾಗಿ ತೊಳೆದು ಸಮುದ್ರಕ್ಕೆ ಬಿಟ್ಟೆ ಅಂತ ಅವರೇ ಹೇಳಿದ್ದಾರೆ. ನೀರು, ನೆರಳು, ಕೈಕೆಲಸ ಅಂತ ನಾನು ಬರೆದೆನಲ್ಲ, ಅದರ ಪಕ್ಕದಲ್ಲಿ ಮಾತು ಅಂತಾನೂ ಬರೀಬೇಕಿತ್ತು.

ಹಳೆಪುಸ್ತಕ:

ಇದಕ್ಕೇ ಒಂದು ಸೇರಿಸ್ತೀನಿ. ಬೋಟಲ್ಲಿ ಪೈ, ಬದುಕೋದು ಬಿಟ್ರೆ ಎಲ್ಲಕ್ಕಿಂತ ಹೆಚ್ಚು ಆಸೆಪಟ್ಟಿದ್ದು ಒಂದು ಪುಸ್ತಕಕ್ಕೆ, ಮುಗಿಯದೇ ಇರೋ ಕಥೆಗೆ. ಕೃಷ್ಣನ ಮಾತಿಲ್ಲದೆ ರಥದಲ್ಲಿ ಕೂತ ಅರ್ಜುನ ನಾನು ಅಂತ ಅಂದ್ಕೋತಾನೆ. ಕಡಲತಡಿ ಅವರ ಬೋಟಿಗೆ ಕೃಷ್ಣ ಬಂದಿದ್ದ, ಡೀಸೆಲ್ ಕ್ಯಾನ್ ಬಡ್ಕೊಂಡು. ಇದನ್ನ ಓದಿದಾಗಿಂದ ನನಗೆ ಬೇರೇನೂ ತಲೆಗೆ ಹೋಗ್ತಿಲ್ಲ.

ನೇರಳೆಮರ:

ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳೋದು ನನ್ನ ಕರ್ತವ್ಯ.

ಶನಿವಾರ ರಾತ್ರಿ ಹೇಳ್ದೆ. ಹಳೆಪುಸ್ತಕ ಅವರು ಹೇಳಿದ ಥರಾನೇ, ವಿವರಕ್ಕೆ ಹೋಗದೆ. ಒಬ್ಬ ನಾವಿಕ ಇದ್ದ, ಅವನ ಕಾಲು ಮುರಿದಿತ್ತು ಅಂದೆ. ಜೀಬ್ರಾದ ಕಾಲು ಥರ ಅಂದ್ಳು. ಹೌದು ಅಂದೆ. ಅಡುಗೆಯವನು ಅಂದೆ. ಅವಳು ಏನೂ ಅನ್ಲಿಲ್ಲ. ಅಮ್ಮ ಅಂದಾಗ ನನ್ನ ಕೈ ಹಿಡ್ಕೊಂಡ್ಳು. ಮುಂದಿಂದು ನಾನು ನಾಲ್ಕೇ ವಾಕ್ಯದಲ್ಲಿ ಹೇಳಿದೆ, ನಾಲ್ಕನೇದು ಪೈ ಅಡುಗೆಯವನನ್ನ ಕೊಂದ ಅನ್ನೋದು. ನಮ್ಮತ್ತೆ ಮಂಚದಲ್ಲಿ ಎದ್ದು ಕೂತಿದ್ದು ಕತ್ತಲಲ್ಲೂ ಗೊತ್ತಾಯ್ತು.

ತುಂಬಾ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಮಗಳು, ಹಂಗಾದ್ರೆ ಬಾಳೆಹಣ್ಣು ಅಂದ್ಳು. ಓದಿಲ್ದೇ ಇರೋರಿಗೆ, ಒರಾಂಗುಟಾನ್ ಬೋಟಿಗೆ ಬರೋದು ಬಾಳೆಗೊನೆಗಳ ರಾಶಿ ಮೇಲೆ ತೇಲ್ಕೊಂಡು. ಬಾಳೆಹಣ್ಣು ನೀರಲ್ಲಿ ತೇಲಲ್ಲ ಅಂತ ಆ ಜಪಾನಿನ ಅಧಿಕಾರಿ ವಾದ ಮಾಡ್ತಾನೆ, ಬೇಕಿದ್ರೆ ಸಿಂಕಲ್ಲಿ ಹಾಕಿ ನೋಡಿ ಅಂತ ಪೈ ಹೇಳ್ತಾನೆ, ಆ ಭಾಗ ಆಗ್ತಾನೇ ಹೇಳಿದ್ದೆ. ಇವಳು ಮಂಚ ಇಳಿದು ಅಡುಗೆಮನೆ ಲೈಟ್ ಹಾಕಿದ್ಳು. ಬುಟ್ಟೀಲಿ ಹಣ್ಣಿರ್ಲಿಲ್ಲ. ನಮ್ಮತ್ತೆನೇ ಎದ್ದು ಹೋಗಿ, ಬೆಳಗ್ಗೆ ನೈವೇದ್ಯಕ್ಕೆ ಅಂತ ದೇವರ ಮುಂದೆ ತೆಗೆದಿಟ್ಟಿದ್ದ ಏಲಕ್ಕಿ ಬಾಳೆ ಚಿಪ್ಪಿಂದ ಎರಡು ಮುರಿದು ಅವಳ ಕೈಗೆ ಕೊಟ್ರು. ಮಡಿ ಅಂತ ಮಕ್ಕಳನ್ನ ಆ ಹಣ್ಣಿನ ಹತ್ರನೂ ಬಿಡದೇ ಇರೋರು ಅವರು. ಬಚ್ಚಲುಮನೆ ಬಕೆಟ್ಟಿಗೆ ನೀರು ಬಿಟ್ಟು ಮೂವರೂ ಸುತ್ತ ಕೂತ್ವಿ. ಅವಳು ಎರಡನ್ನೂ ಮೆತ್ತಗೆ ಬಿಟ್ಟಳು, ಒಂದು ಪೂರ್ತಿ ಮುಳುಗಿ ಮತ್ತೆ ಮೇಲೆ ಬಂತು, ಇನ್ನೊಂದು ಮುಳುಗ್ಲೇ ಇಲ್ಲ.

"ತೇಲ್ತಾ ಇದೆ" ಅಂದ್ಳು. ಸ್ವಲ್ಪ ಹೊತ್ತು ನೋಡ್ತಾ ಇದ್ದು, "ಆರೆಂಜ್ ಜ್ಯೂಸ್ ಅವನ ಅಮ್ಮ ಅಲ್ವಾ" ಅಂದ್ಳು.

ಹೌದು ಅಂದೆ.

"ಅವನು ಅಮ್ಮನ್ನ ತೇಲಿಸ್ಕೊಂಡು ಬಂದ" ಅಂದ್ಳು.

ಹುಲಿ ಯಾಕೆ ತಿರುಗಿ ನೋಡ್ಲಿಲ್ಲ ಅಂತ ಆಮೇಲೆ ಕೇಳಿಲ್ಲ. ಅವತ್ತು ರಾತ್ರಿ ನಂಗೂ ಅತ್ತೆಗೂ ಮಧ್ಯೆ ಮಲಗಿದ್ಳು. ಬೆಳಗ್ಗೆ ನಾನೆದ್ದು ನೋಡಿದ್ರೆ ಅತ್ತೆ ಪೂಜೆ ಮುಗಿಸಿದ್ರು, ಎರಡು ಹಣ್ಣು ಕಮ್ಮಿ ಇದ್ದ ಅದೇ ಚಿಪ್ಪನ್ನ ನೈವೇದ್ಯಕ್ಕಿಟ್ಟಿದ್ರು.